ಹಿಪ್ಪನೇರಳೆ ಸೋಡಾ ಮಾಡಿದ ಬೇಸಿಗೆ

ಕಳೆದ ತಿಂಗಳು ಹೇರೋಹಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ರಸ್ತೆ ಅಗೆದಿದ್ದಾರೆ ಎಂದು ಆಟೋದವನು ಅರ್ಧದಲ್ಲೇ ಇಳಿಸಿ ಹೋದ. ಅಲ್ಲಿ ರಸ್ತೆ ಅಗೆಯದೆ ಬಿಟ್ಟ ವರ್ಷ ಯಾವುದೆಂದು ನನಗೂ ನೆನಪಿಲ್ಲ, ಹಾಗಾಗಿ ಜಗಳಕ್ಕೆ ಹೋಗಲಿಲ್ಲ. ಸೀರೆ ಎತ್ತಿ ಹಿಡಿದು ಜಲ್ಲಿಕಲ್ಲಿನ ಮೇಲೆ ನಡೆದು ಮನೆ ತಲುಪಿದರೆ, ಬಿಳಿ ಟೈಲ್ಸಿನ ಮೆಟ್ಟಿಲ ಮೇಲೆ ನನ್ನ ಚಪ್ಪಲಿಯ ಗುರುತು ಒಂದೊಂದೂ ನೇರಳೆ ಬಣ್ಣದಲ್ಲಿ ಮೂಡಿತು. ಮನೆಯೊಡತಿ, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, "ಅಯ್ಯೋ ಆಂಟಿ, ಏನ್ ತುಳ್ಕೊಂಡ್ ಬಂದ್ರಿ?" ಅಂದಳು. ತಿರುಗಿ ನೋಡಿದೆ. ಪಕ್ಕದ ಖಾಲಿ ಸೈಟಿನ ಕಾಂಪೌಂಡಿಗೆ ಒರಗಿಕೊಂಡು ಒಂದು ಹಿಪ್ಪನೇರಳೆ ಮರ ನಿಂತಿತ್ತು. ಅದರ ಕೆಳಗೆಲ್ಲ ಉದುರಿದ ಹಣ್ಣು, ಮೇಲೆ ನೊಣ, ಬಿಸಿಲಿಗೆ ಸ್ವಲ್ಪ ಹುಳಿ ಹತ್ತಿದ ಸಿಹಿ ವಾಸನೆ. ಆ ವಾಸನೆ ಮೂಗಿಗೆ ಬಡಿದಾಗ ನನ್ನ ಬಲಗೈ ಒಂದು ಹಿಡಿಕೆ ತಿರುಗಿಸುವಂತೆ ತಾನಾಗಿಯೇ ಬಿಗಿಯಾಯಿತು.

ಹುಡುಗಿ ಸೋಪಿನ ಪುಡಿ ತರಲು ಓಡಿದಳು. "ಸೋಪ್ ಹಾಕ್ಬೇಡ ಕಣಮ್ಮ, ನೀಲಿ ಆಗುತ್ತೆ. ನಿಂಬೆಹಣ್ಣಿದ್ರೆ ತಾ" ಅಂದೆ. ಪೂಜೆಯ ಹೊತ್ತಿನಲ್ಲಿ ಈ ಮುದುಕಿಯದೇನು ಗೋಳು ಎಂಬಂತೆ ನೋಡಿದಳು. ಅವಳಿಗೇನು ಗೊತ್ತು? ಅಷ್ಟು ಮಾತು ಕಲಿಯಲು ನನಗೆ ಇಡೀ ಒಂದು ಬೇಸಿಗೆ ಹಿಡಿದಿತ್ತು, ಜೊತೆಗೆ ಒಂದು ಮದುವೆ ಮನೆಯ ಮಾನವೂ ಹೋಗಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಕುರುಬರಹಳ್ಳಿಯ ನಮ್ಮ ಮನೆಯ ಮುಂದೆ ಒಂದು ತಗಡಿನ ಶೆಡ್ ಇತ್ತು, ಅದರೊಳಗೆ ಅಪ್ಪನ ಗೋಲಿ ಸೋಡಾ ಮಿಷನ್. ಮಿಷನ್ ಅಂದರೆ ದೊಡ್ಡದೇನಲ್ಲ. ನೀರು ತುಂಬಿದ ಬಾಟಲಿಗಳನ್ನು ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ, ಗ್ಯಾಸು ಬಿಟ್ಟು, ಹಿಡಿಕೆ ಹಿಡಿದು ಚೌಕಟ್ಟನ್ನೇ ಗಿರಗಿರ ತಿರುಗಿಸಬೇಕು. ಬಾಟಲಿ ತಲೆಕೆಳಗಾದಾಗ ಒಳಗಿನ ಗಾಜಿನ ಗೋಲಿ ಕುತ್ತಿಗೆಗೆ ಉರುಳಿ, ಗ್ಯಾಸಿನ ಒತ್ತಡಕ್ಕೆ ಅಲ್ಲಿನ ರಬ್ಬರ್ ಉಂಗುರವನ್ನು ಕಚ್ಚಿಕೊಂಡು, ತಾನೇ ಬಿರಡೆಯಾಗುತ್ತಿತ್ತು. ಅಪ್ಪ ಊರಿಗೆಲ್ಲ ಸೋಡಾ ತಿಮ್ಮಣ್ಣ. ಅವನ ಹೆಮ್ಮೆ ಒಂದೇ, ಬಾಟಲಿಯ ಹೊಳಪು. "ಕುಡಿಯೋನು ಮೊದ್ಲು ಕಣ್ಣಲ್ಲಿ ಕುಡೀತಾನೆ" ಅನ್ನುತ್ತಿದ್ದ. ವಾಷಿಂಗ್ ಸೋಡಾ ಕಲಸಿದ ತೊಟ್ಟಿಯಲ್ಲಿ ಬಾಟಲಿಗಳನ್ನು ನೆನೆಹಾಕಿ, ಬ್ರಷ್ ಆಡಿಸಿ, ಪಕ್ಕದ ನೀರಿನ ತೊಟ್ಟಿಯಲ್ಲಿ ಒಂದು ಸಲ ಅದ್ದಿ ತೆಗೆಯುತ್ತಿದ್ದ. ಆ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಹಿಡಿಕೆ ಮಾತ್ರ ನನ್ನ ಕೈಗೆ ಬಂದಿತ್ತು. ಅಪ್ಪನ ಬಲಭುಜ ಮೇಲೇಳದ ಹಾಗಾಗಿತ್ತು. ನನ್ನ ತಮ್ಮ ಪೀಣ್ಯದ ಕಾರ್ಖಾನೆಗೆ ಸೇರಿ, ಸೋಡಾ ಅಂದರೆ ಮೂಗು ಮುರಿಯುತ್ತಿದ್ದ. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಗೋಣಿಚೀಲದ ಏಪ್ರನ್ ಕಟ್ಟಿಕೊಂಡು, ಬಾಟಲಿ ಸಿಡಿದರೆ ಗಾಜು ಕಣ್ಣಿಗೆ ಬೀಳದಿರಲೆಂದು ಮುಖಕ್ಕೆ ತಂತಿಬಲೆ ಹಾಕಿಕೊಂಡು, ಬೆಳಗಿನಿಂದ ಮಧ್ಯಾಹ್ನದವರೆಗೆ ತಿರುಗಿಸುತ್ತಿದ್ದೆ. ನನಗೆ ಆ ಕೆಲಸ ಇಷ್ಟವಾಗಿತ್ತು. ಯಾಕೆ ಎಂದು ಕೇಳಿದರೆ, ಗೋಲಿ ಹೋಗಿ ಕೂರುವಾಗ ಬರುವ 'ಟಕ್' ಸದ್ದಿಗೆ ಎಂದು ಹೇಳಬೇಕಾಗುತ್ತಿತ್ತು. ಯಾರೂ ಕೇಳಲಿಲ್ಲ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ನನ್ನ ಅಂಗೈ ನೋಡಿ, "ಹುಡ್ಗಿ ಗಾರೆ ಕೆಲ್ಸಕ್ಕೆ ಹೋಗ್ತಾಳಾ?" ಎಂದು ಕೇಳಿದ್ದರಂತೆ.

ಆ ವರ್ಷ ಅಂಗಡಿಗಳಿಗೆ ಕಂಪನಿಗಳ ಐಸ್ ಪೆಟ್ಟಿಗೆ ಬಂದವು. ತಗಡಿನ ಬಿರಡೆಯ, ಬಣ್ಣದ ಚೀಟಿಯ ತಂಪು ಪಾನೀಯಗಳು ಅವುಗಳಲ್ಲಿ ಮೈ ಚಾಚಿ ಮಲಗಿದವು. ನಮ್ಮ ಬಾಟಲಿಗಳು ಅಂಗಡಿಯ ಹೊರಗಿನ ಕ್ರೇಟಿನಲ್ಲಿ ಬಿಸಿಲು ಕಾಯಿಸುತ್ತಾ ನಿಂತವು. ಕಾಮಾಕ್ಷಿಪಾಳ್ಯದಲ್ಲಿ ನಮ್ಮದಕ್ಕಿಂತ ದೊಡ್ಡ ಸೋಡಾ ಘಟಕ ಇಟ್ಟಿದ್ದ ರಂಗಸ್ವಾಮಿ ಬಂದು ಮಿಷನ್ನನ್ನು ತಟ್ಟಿ ನೋಡಿದ, ಹಸುವಿನ ಹಲ್ಲು ನೋಡುವವನ ಹಾಗೆ. ಯುಗಾದಿ ಕಳೆದ ಮೇಲೆ ಅಪ್ಪ ಹೇಳಿಯೇಬಿಟ್ಟ, "ಮದ್ವೆ ಸೀಜನ್ ಮುಗೀಲಿ. ಆಷಾಢಕ್ಕೆ ಮಿಷನ್ ಕೊಟ್ಬಿಡ್ತೀನಿ. ನೀನು ಟೈಪಿಂಗ್ ಕ್ಲಾಸಿಗೆ ಸೇರ್ಕೋ."

"ನಾನ್ ನಡೆಸ್ತೀನಿ" ಅಂದೆ.

"ನೀನಾ? ನಾಳೆ ಮದ್ವೆಯಾಗಿ ಹೋಗೋಳು. ಮಿಷನ್ನ ತಲೆ ಮೇಲ್ ಹೊತ್ಕೊಂಡ್ ಹೋಗ್ತೀಯಾ?"

"ಹೂಂ, ಹೊತ್ಕೊಂಡೇ ಹೋಗ್ತೀನಿ."

"ಸೋಡಾನೇ ಯಾರೂ ಕೇಳ್ತಿಲ್ಲ ಕಣೇ ಗಿರಿಜಾ. ಏನಂತ ನಡೆಸ್ತೀಯಾ?"

"ಕೇಳೋ ಹಂಗೆ ಮಾಡ್ತೀನಿ. ಆಷಾಢದವರೆಗೂ ನನ್ಗೆ ಬಿಡು. ಆಮೇಲೆ ನಿನ್ನಿಷ್ಟ."

ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಎಂದು ಅರ್ಥ.

ಮಾತು ಆಡಿಬಿಟ್ಟಿದ್ದೆ. ಕೇಳುವ ಹಾಗೆ ಏನು ಮಾಡಬೇಕು ಎಂಬುದು ನನಗೇ ಗೊತ್ತಿರಲಿಲ್ಲ. ಆಗ ಬಂದವಳು ಹೇರೋಹಳ್ಳಿಯ ದೊಡ್ಡಮ್ಮ, ಅಮ್ಮನ ಅಕ್ಕ. ಅವಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಬರುವಾಗ ಮಂಕರಿ ತುಂಬ ಹಿಪ್ಪನೇರಳೆ ಹಣ್ಣು ತಂದು ಅಂಗಳದಲ್ಲಿ ಕುಕ್ಕಿದಳು. "ತಿಂತೀರೋ ಚೆಲ್ತೀರೋ ನೋಡಿ. ಬದುವಿನ ಮರ ಕಡಿಸ್ದೆ ಬಿಟ್ಟಿದ್ದೇ ತಪ್ಪಾಯ್ತು. ಸೊಪ್ಪಿನ್ ಜೊತೆ ಹಣ್ಣೂ ಹುಳದ ತಟ್ಟೆಗೆ ಬೀಳುತ್ತೆ, ಹುಳಿ ಹಿಡಿಯುತ್ತೆ, ಹುಳ ಸಾಯ್ತವೆ" ಎಂದು ಬೈದಳು. ಹಿಪ್ಪನೇರಳೆ ಬೆಳೆಯುವವರಿಗೆ ಸೊಪ್ಪೇ ಚಿನ್ನ, ಹಣ್ಣು ಕಸ. ನಾನು ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ನಾಲಿಗೆ ಕಪ್ಪಾಯಿತು, ತಲೆಯೊಳಗೆ ಬೆಳಕಾಯಿತು. ಕಂಪನಿಯ ಸೀಸೆಯಲ್ಲಿ ಬಣ್ಣವಿದೆ, ಎಸೆನ್ಸ್ ಇದೆ, ಹಣ್ಣು ಎಲ್ಲಿದೆ?

ಮರುದಿನವೇ ಬಸ್ಸು ಹತ್ತಿ ಮಾಗಡಿ ರಸ್ತೆಯಲ್ಲಿಳಿದು, ನಡೆದು ದೊಡ್ಡಮ್ಮನ ಮನೆಗೆ ಹೋದೆ. ಅವಳು ಹುಳುವಿನ ಮನೆಯ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಹುಳುಗಳು ಜ್ವರಕ್ಕೆ ಕೂತಿದ್ದವು. ಚರ್ಮ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಅಲುಗದೆ ಕೂರುವುದಕ್ಕೆ ಅವರು ಜ್ವರ ಎನ್ನುತ್ತಾರೆ. ನಾನು ಹತ್ತಿರ ಹೋದದ್ದೇ ತಡ, ದೊಡ್ಡಮ್ಮ ಸೆರಗು ಮೂಗಿಗೆ ಒತ್ತಿಕೊಂಡು ಕೂಗಿದಳು.

"ಅಲ್ಲೇ ನಿಂತ್ಕೊಳ್ಳೇ! ಏನೇ ಅದು ನಿನ್ನ ಮೈಯಿಂದ ಗಮಗಮ ಅಂತಿರೋದು?"

"ಏನೂ ಇಲ್ಲ ದೊಡ್ಡಮ್ಮ, ಎಸೆನ್ಸು. ನೆನ್ನೆ ಪನ್ನೀರ್ ಸೋಡಾ ಹಾಕಿದ್ವಿ."

"ನಿನ್ ಪನ್ನೀರಿಗೆ ಬೆಂಕಿ ಹಾಕ! ಬೀಡಿ ಸೇದಿ ಬಂದೋನನ್ನೇ ಒಳಕ್ ಬಿಡಲ್ಲ ನಾನು. ಈ ಘಾಟಿಗೆ ನನ್ನ ಹುಳ ಒಂದೂ ಉಳಿಯಲ್ಲ. ಹೋಗು, ಬಾವಿ ಹತ್ರ ತಲೆಗೆ ನೀರ್ ಹಾಕ್ಕೊಂಡು ನನ್ ಸೀರೆ ಉಟ್ಕೊಂಡ್ ಬಾ."

ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಳ್ಳುವಾಗ ಕೋಪ ಬಂದಿತ್ತು, ಅವಮಾನವೂ ಆಗಿತ್ತು. ನೀರು ಇಳಿಯುತ್ತಾ ಇನ್ನೊಂದು ಯೋಚನೆ ಬಂತು. ಹುಳ ಸಹಿಸದ ವಸ್ತುವನ್ನು ನಾವು ಮಕ್ಕಳಿಗೆ ಕುಡಿಸುತ್ತಿದ್ದೇವಲ್ಲ? ಅಂದು ದೊಡ್ಡಮ್ಮನ ಜೊತೆ ಒಪ್ಪಂದವಾಯಿತು. ಸೊಪ್ಪು ಕೊಯ್ಯುವ ಮುಂಚೆ ನಾನು ಬಂದು ಹಣ್ಣು ಬಿಡಿಸಿಕೊಳ್ಳಬೇಕು, ಚಿಗುರು ಮುರಿಯಬಾರದು, ಮತ್ತು ಎಸೆನ್ಸ್ ಮುಟ್ಟಿ ಆ ತೋಟಕ್ಕೆ ಕಾಲಿಡಬಾರದು. ಮೂರನೆಯದಕ್ಕೆ ನಾನು ಮನೆಯ ಎಸೆನ್ಸ್ ಸೀಸೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಅಪ್ಪ ನೋಡಿ, "ಒಂದ್ ತೊಟ್ಟಲ್ಲಿ ಆಗೋ ಕೆಲ್ಸಕ್ಕೆ ಒಂದ್ ಮಂಕರಿ ಹಣ್ಣು. ಕೈಲಾಗದ ಕುದುರೆಗೆ ಹೂವಿನ ತಡಿ" ಎಂದು ಗೊಣಗಿದ. ಆದರೂ ಸೀಸೆಗಳನ್ನು ಕೆಳಗಿಳಿಸಲಿಲ್ಲ.

ಹಣ್ಣು ಕಿವುಚಿ, ಸಕ್ಕರೆ ಬೆರೆಸಿ, ಸಣ್ಣ ಉರಿಯಲ್ಲಿ ಪಾಕ ಮಾಡಿದೆ. ಉರಿ ಜಾಸ್ತಿಯಾದರೆ ಹಣ್ಣಿನ ಪರಿಮಳ ಹಾರಿ ಬರೀ ಸಕ್ಕರೆ ಉಳಿಯುತ್ತಿತ್ತು. ಕಡಿಮೆಯಾದರೆ ಮರುದಿನವೇ ನೊರೆ ಬರುತ್ತಿತ್ತು. ಅದು ಹದಕ್ಕೆ ಬಂತು ಎನ್ನುವಷ್ಟರಲ್ಲಿ ಗೋಲಿ ಕೈಕೊಟ್ಟಿತು. ಕಣ್ಣಿಗೆ ಕಾಣದಷ್ಟು ಸಣ್ಣ ಬೀಜ ಗೋಲಿಗೂ ರಬ್ಬರಿಗೂ ನಡುವೆ ಸಿಕ್ಕಿಕೊಂಡು, ಗ್ಯಾಸು ಸುಯ್ ಎಂದು ಸೋರಿ, ಇಡೀ ಕ್ರೇಟು ಸಪ್ಪೆಯಾಗುತ್ತಿತ್ತು. ಜರಡಿ ನಿಲ್ಲಲಿಲ್ಲ, ಚಹಾ ಸೋಸುವ ಬಟ್ಟೆಯೂ ನಿಲ್ಲಲಿಲ್ಲ. ಕೊನೆಗೆ ಅಮ್ಮ ಪೆಟ್ಟಿಗೆಯಿಂದ ಅಪ್ಪನ ಧಾರೆ ಪಂಚೆ ತೆಗೆದುಕೊಟ್ಟಳು. "ಅದ್ರಲ್ಲಿ ನೀರೂ ಕೇಳ್ಕೊಂಡೇ ಇಳಿಯೋದು" ಅಂದಳು. ಮದುವೆಯ ಪಂಚೆ ನೇರಳೆಯಾದದ್ದು ನೋಡಿ ಅಪ್ಪ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಆದರೆ ಗೋಲಿ ಟಕ್ ಎಂದು ಕೂತಿತು.

ಜನ ಕುಡಿದರು. ನಿಜವಾಗಿಯೂ ಕೇಳಿ ಕೇಳಿ ಕುಡಿದರು. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟು ಬಿಟ್ಟಾಗ ಗೇಟಿನ ಮುಂದಿನ ಅಂಗಡಿಯಲ್ಲಿ, "ಗುರು, ಆ ನೇರ್ಳೆ ಸೋಡಾ ಇದ್ಯಾ?" ಎಂಬ ಕೂಗು ನನ್ನ ಕಿವಿಗೇ ಬಿತ್ತು. ಹೆಬ್ಬೆಟ್ಟಿನಲ್ಲಿ ಗೋಲಿ ಒತ್ತಿ, ತಲೆ ಹಿಂದಕ್ಕೆ ಚೆಲ್ಲಿ, ಬಾಟಲಿಯಿಂದಲೇ ಗಟಗಟ ಇಳಿಸುತ್ತಿದ್ದರು. ಒಬ್ಬ ಅಂಗಡಿಯವನು ಮಾತ್ರ, "ಎಲ್ಲ ಒಂದೇ ರುಚಿ ಇಲ್ಲಮ್ಮ, ಕೆಲವು ಸಪ್ಪೆ" ಅಂದ. ಹಣ್ಣೂ ಒಂದೊಂದು ಸಲ ಹಾಗೇ ಇರುತ್ತೆ ಎಂದುಕೊಂಡು ಬಿಟ್ಟೆ. ಗೋಲಿ ಸೋಡಾದ ಗಾಜು ದಪ್ಪ, ಹಸಿರು. ಒಳಗಿನ ಬಣ್ಣ ಹೊರಗೆ ಕಾಣುವುದಿಲ್ಲ. ಅದು ಎಂಥ ಅನುಕೂಲ ಎಂದು ಆಗ ತಿಳಿದಿರಲಿಲ್ಲ.

ರಾಜಾಜಿನಗರದ ಚಿಕ್ಕಣ್ಣನವರು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಗೇಟಿನ ಮುಂದೆ ನಮ್ಮ ಸೋಡಾ ಕುಡಿದು ಮೆಚ್ಚಿ, ಮಗಳ ಆರತಕ್ಷತೆಗೆ ಬೇಕೆಂದು ಮನೆಗೇ ಬಂದರು. "ಬೀಗರು ಮಂಡ್ಯದ ಕಡೆಯೋರು. ಕಂಪನಿ ಸೀಸೆ ಎಲ್ರೂ ಕೊಡ್ತಾರೆ. ನಾನು ಹಣ್ಣಿಂದು ಕೊಡ್ಬೇಕು" ಅಂದರು. ಅವರು ಹೋದ ಮೇಲೆ ಅಪ್ಪ ಬಹಳ ಹೊತ್ತು ಶೆಡ್ಡಿನಲ್ಲಿ ಸುಮ್ಮನೆ ಓಡಾಡಿದ. ಅವನಿಗೂ ಆಸೆ ಹುಟ್ಟಿತ್ತು, ಬಾಯಿ ಬಿಟ್ಟು ಹೇಳಲಾರ. ಅವನ ಆಸೆ ಕೈಗೆ ಇಳಿಯಿತು. ಮದುವೆ ಮನೆಗೆ ಹೋಗುವ ಬಾಟಲಿ ಕನ್ನಡಿಯಂತಿರಬೇಕೆಂದು ತೊಟ್ಟಿಗೆ ಇನ್ನೂ ಎರಡು ಬೊಗಸೆ ವಾಷಿಂಗ್ ಸೋಡಾ ಸುರಿದ. ಅಂದು ನಲ್ಲಿಯಲ್ಲಿ ನೀರು ಬರುವ ಸರದಿಯಾಗಿರಲಿಲ್ಲ. ಇದ್ದ ಒಂದು ತೊಟ್ಟಿ ನೀರಿನಲ್ಲೇ ಎಲ್ಲ ಬಾಟಲಿಗಳನ್ನೂ ಅದ್ದಿ ತೆಗೆದ.

ಆರತಕ್ಷತೆಯ ಸಂಜೆ ಛತ್ರದ ತುಂಬ ಟ್ಯೂಬ್‌ಲೈಟು. ಗಂಡಿನ ಕಡೆಯವರಿಗೆ ಬಾಟಲಿ ಕೈಗೆ ಕೊಟ್ಟರೆ ಮರ್ಯಾದೆಯಲ್ಲ ಎಂದು ಚಿಕ್ಕಣ್ಣನವರು ಬಾಡಿಗೆಗೆ ಬಿಳಿ ಗಾಜಿನ ಲೋಟ ತರಿಸಿದ್ದರು. ನಾನೇ ನಿಂತು ಗೋಲಿ ಒತ್ತಿ ಸುರಿದೆ. ಮೊದಲ ಲೋಟಗಳು ಕೆಂಪಗೆ, ದಾಸವಾಳದ ಹಾಗೆ. ತಟ್ಟೆ ಮುಂದಕ್ಕೆ ಹೋಯಿತು. ಅದರ ಹಿಂದಿನ ತಟ್ಟೆಯಲ್ಲಿ ಬಣ್ಣ ಮಂಕಾಯಿತು. ಮೂರನೇ ತಟ್ಟೆಯಲ್ಲಿ ಲೋಟಗಳೆಲ್ಲ ನೀಲಿ. ಮಕ್ಕಳ ಪೆನ್ನಿಗೆ ಹಾಕುವ ಮಸಿಯ ಹಾಗೆ, ನೊರೆ ಸಮೇತ ನೀಲಿ.

ಮದುಮಗನ ಸೋದರಮಾವ, ದಪ್ಪ ಮೀಸೆಯ ಆಸಾಮಿ, ಲೋಟವನ್ನು ದೀಪಕ್ಕೆ ಹಿಡಿದು ಇಡೀ ಛತ್ರಕ್ಕೆ ಕೇಳುವಂತೆ ಕೂಗಿದ. "ಏನ್ರೀ ಚಿಕ್ಕಣ್ಣ, ಬೀಗರಿಗೆ ಇಂಕ್ ಕುಡಿಸ್ತೀರಾ? ಅವ್ರಿಗೊಂದು ಬಣ್ಣ, ನಮ್ಗೊಂದು ಬಣ್ಣ! ಏನ್ ಬೆರೆಸಿದ್ದೀರಾ ಇದ್ರಲ್ಲಿ?"

ಹೆಂಗಸರು ಮಕ್ಕಳ ಕೈಯಿಂದ ಲೋಟ ಕಿತ್ತುಕೊಂಡರು. ನಾನು ಆ ತಟ್ಟೆಯಿಂದಲೇ ಒಂದು ನೀಲಿ ಲೋಟ ಎತ್ತಿ ಅವರೆದುರೇ ಕುಡಿದೆ, ಇನ್ನೊಂದನ್ನೂ ಕುಡಿದೆ. ಸಪ್ಪೆ, ಕೊನೆಯಲ್ಲಿ ಸ್ವಲ್ಪ ಜಾರು ಜಾರು ರುಚಿ. "ಏನೂ ಆಗಲ್ಲ ಮಾವ, ನೋಡಿ, ಹಣ್ಣಿಂದೇ" ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಚಿಕ್ಕಣ್ಣನವರು ನನ್ನ ಮುಖವನ್ನೂ ನೋಡದೆ, "ಎತ್ಕೊಂಡ್ ಹೋಗಮ್ಮ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ದನಿ ನಡುಗುತ್ತಿತ್ತು, ಅದನ್ನು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ವಾಪಸು ಬಂದ ಕ್ರೇಟುಗಳು ಅಂಗಳದಲ್ಲಿದ್ದವು. ಅಪ್ಪ ಶರಟು ಹಾಕಿಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೊರಟು ನಿಂತಿದ್ದ. "ಆಷಾಢದವರೆಗೂ ಯಾಕೆ? ಇವತ್ತೇ ಹೇಳ್ಬಿಟ್ ಬರ್ತೀನಿ" ಅಂದ. ನಾನು ಬಾಗಿಲಿಗೆ ಅಡ್ಡ ಕೂತೆ. "ಮಾತು ಅಂದ್ರೆ ಮಾತು. ಆಷಾಢ ಅಂದಿದ್ದೀಯ. ದಾಟ್ಕೊಂಡ್ ಹೋಗೋದಾದ್ರೆ ಹೋಗು" ಅಂದೆ. ಮಗಳನ್ನು ದಾಟಿ ಹೋಗುವುದುಂಟೇ? ಅವನು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತ.

ನಾನು ಒಂದೊಂದೇ ಬಾಟಲಿ ತೆರೆದು ಬಚ್ಚಲಿಗೆ ಸುರಿಯತೊಡಗಿದೆ. ಅಮ್ಮ ಯಾವುದನ್ನೂ ಚೆಲ್ಲಲು ಬಿಡುವವಳಲ್ಲ. "ಸಪ್ಪೆಯಾದ್ರೆ ನಿಂಬೆಹಣ್ಣು ಹಿಂಡ್ಕೊಂಡ್ ಕುಡೀಬಹ್ದಪ್ಪ" ಎಂದು ಒಂದು ನೀಲಿ ಲೋಟಕ್ಕೆ ಅರ್ಧ ಹೋಳು ಹಿಂಡಿದಳು. ಹಿಂಡಿದ ಜಾಗದಿಂದ ಕೆಂಪು ಎಳೆಎಳೆಯಾಗಿ ಇಳಿದು, ನಾವು ನೋಡುತ್ತಿದ್ದಂತೆ ಇಡೀ ಲೋಟ ದಾಸವಾಳದ ಬಣ್ಣಕ್ಕೆ ತಿರುಗಿತು.

ನಾನು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟು ಲೋಟಕ್ಕೇ ಬಗ್ಗಿದೆ. ಅಮ್ಮನಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. "ಇದ್ಯಾಕೆ ಹಿಂಗ್ ನೋಡ್ತೀಯಾ? ಆರತಿ ನೀರಿಗೆ ಅರಿಶಿನ ಕಲಸಿ ಒಂದ್ ಚೂರು ಸುಣ್ಣ ಹಾಕಿದ್ರೆ ಕೆಂಪಾಗಲ್ವಾ? ಅದೇ ನೀರಿಗೆ ನಿಂಬೆಹಣ್ಣು ಬಿದ್ರೆ ಮತ್ತೆ ಹಳದಿ. ಇದೂ ಹಂಗೇ ಏನೋ."

ಹುಟ್ಟಿದಾಗಿನಿಂದ ನೋಡಿದ ಆರತಿ ತಟ್ಟೆ. ಎಷ್ಟು ಮದುವೆಗಳಲ್ಲಿ ನಾನೇ ಕಲಸಿದ್ದೆ. ಹಾಗಾದರೆ ಸುಣ್ಣದ ಜಾತಿಯದ್ದು ಏನೋ ನಮ್ಮ ಬಾಟಲಿಯೊಳಗೆ ಹೋಗಿದೆ. ನಾನು ಎದ್ದು ಶೆಡ್ಡಿಗೆ ಓಡಿದೆ. ಅಪ್ಪ ಬಾಟಲಿ ಅದ್ದುವ ತೊಟ್ಟಿಯಲ್ಲಿ ನಿನ್ನೆಯ ನೀರು ಹಾಗೇ ಇತ್ತು, ನೋಡಲು ತಿಳಿ. ಒಂದು ಲೋಟ ಎತ್ತಿ ಒಂದು ಚಮಚ ಪಾಕ ಬಿಟ್ಟೆ. ನೀಲಿ. ಆಗಷ್ಟೇ ಬಂದ ನಲ್ಲಿ ನೀರು ಹಿಡಿದು ಬಿಟ್ಟೆ. ಕೆಂಪು. ಎರಡೂ ಲೋಟಗಳನ್ನು ತಂದು ಜಗಲಿಯ ಮೇಲೆ ಅಪ್ಪನ ಪಕ್ಕ ಇಟ್ಟೆ. ಯಾವುದು ಯಾವ ನೀರು ಎಂದಷ್ಟೇ ಹೇಳಿದೆ.

ಅಪ್ಪ ಎರಡೂ ಲೋಟಗಳನ್ನು ಎತ್ತಿ ಮೂಸಿ ನೋಡಿದ. ಆಮೇಲೆ ಸಿಟ್ಟಿನಿಂದ ನೀಲಿ ಲೋಟವನ್ನು ಅಂಗಳಕ್ಕೆ ಚೆಲ್ಲಿದ. "ನನ್ನ ಬಾಟ್ಲಿ ಕೊಳಕು ಅಂತೀಯಾ?"

"ಕೊಳಕು ಅಂದಿಲ್ಲಪ್ಪ. ತೊಳ್ದಿದ್ದು ಜಾಸ್ತಿ, ಜಾಲಿಸಿದ್ದು ಕಮ್ಮಿ. ಕಡೇಲಿ ಅದ್ದಿದ ಬಾಟ್ಲೀಲಿ ವಾಷಿಂಗ್ ಸೋಡಾ ಉಳ್ಕೊಂಡಿದೆ."

"ಇಷ್ಟ್ ವರ್ಷ ಯಾರಾದ್ರೂ ಒಬ್ರು ಒಂದ್ ಮಾತು ಅಂದಿದ್ದಾರಾ?"

"ನಿಂಬೆ ಸೋಡಾದಲ್ಲಿ ಕಾಣಲ್ಲ, ಪನ್ನೀರಲ್ಲೂ ಕಾಣಲ್ಲ. ಇದು ಬಾಯ್ಬಿಡ್ತು ಅಷ್ಟೆ."

ಅವನು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ. ಅವನ ಜೀವಮಾನದ ಹೆಮ್ಮೆಯನ್ನು ಒಂದು ಚಮಚ ರಸದಿಂದ ಅಳಿಸಿದ್ದೆ. ನನಗೆ ಅಳು ಬಂತು. ಆದರೂ ಆ ಕೆಂಪು ಲೋಟವನ್ನು ಅಲ್ಲೇ ಬಿಟ್ಟೆ, ತೆಗೆಯಲಿಲ್ಲ. ಮಧ್ಯಾಹ್ನ ಶೆಡ್ಡಿನಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಅಪ್ಪ ಹಿತ್ತಲಿನ ಎರಡು ಹಳೆಯ ಸಿಮೆಂಟ್ ತೊಟ್ಟಿಗಳನ್ನು ಉರುಳಿಸಿಕೊಂಡು ಬಂದು ಸಾಲಾಗಿ ಇಡುತ್ತಿದ್ದ. ಜಾಲಿಸಲು ಈಗ ಒಂದಲ್ಲ, ಮೂರು. "ಮೂರನೇದ್ರ ನೀರಿಗೆ ನಿನ್ ಪಾಕ ಬಿಡು. ಕೆಂಪಾಗೇ ಇದ್ರೆ ಮಾತ್ರ ಬಾಟ್ಲಿ ಮಿಷನ್ನಿಗೆ" ಅಂದ. ನನ್ನ ಕಡೆ ತಿರುಗಲಿಲ್ಲ.

ಚಿಕ್ಕಣ್ಣನವರ ಮನೆಗೆ ಹೋಗಲು ನನಗೆ ಧೈರ್ಯ ಸಾಲದಾಗಿತ್ತು, ಹಟ ಸಾಕಷ್ಟಿತ್ತು. ಮುಂದಿನ ವಾರ ಅವರಲ್ಲಿ ಬೀಗರ ಊಟ, ಅದೇ ಗಂಡಿನ ಕಡೆಯವರಿಗೆ ಬಾಡೂಟ. ಅಲ್ಲಿ ಅದೇ ಸೋಡಾ ಕೊಡಬೇಕು ಎಂಬುದು ನನ್ನ ಲೆಕ್ಕ. ಬೇರೆ ಯಾರಿಗೆ ಕುಡಿಸಿದರೂ ಆ ಮಾತು ತೊಳೆದು ಹೋಗುವುದಿಲ್ಲ. ಚಿಕ್ಕಣ್ಣನವರು ಬಾಗಿಲಲ್ಲೇ ತಡೆದರು.

"ಇನ್ನೂ ಏನ್ ಬಾಕಿ ಇದೆಯಮ್ಮ? ನನ್ ಮಗಳನ್ನ ಅಲ್ಲಿ 'ಇಂಕ್ ಮನೆಯವಳು' ಅಂತ ಕರೀತಾವ್ರಂತೆ."

"ಅದಕ್ಕೇ ಬಂದಿದ್ದೀನಿ ಸಾರ್. ಬೀಗರ ಊಟಕ್ಕೆ ಇನ್ನೊಂದ್ಸಲ ಅವಕಾಶ ಕೊಡಿ."

"ನಿನ್ಗೇನ್ ತಲೆ ಕೆಟ್ಟಿದೆಯಾ?"

"ಒಂದು ಲೋಟ, ಚೂರು ಸುಣ್ಣ, ಒಂದು ನಿಂಬೆಹಣ್ಣು ಕೊಡಿ. ಆಮೇಲೂ ಬೇಡ ಅಂದ್ರೆ ಹೋಗ್ತೀನಿ."

ಅವರ ಹೆಂಡತಿಗೆ ಕುತೂಹಲ. ಎಲೆಯಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ತಂದುಕೊಟ್ಟರು. ನಾನು ತಂದಿದ್ದ ಕೆಂಪು ರಸಕ್ಕೆ ಬೆರಳ ತುದಿಯಷ್ಟು ಸುಣ್ಣ ಹಾಕಿದೆ, ನೀಲಿಯಾಯಿತು. ನಿಂಬೆಹಣ್ಣು ಹಿಂಡಿದೆ, ಕೆಂಪಾಯಿತು. "ತಪ್ಪು ನಮ್ಮ ಬಾಟ್ಲಿ ತೊಳೆದಿದ್ರಲ್ಲಿ ಇತ್ತು, ಹಣ್ಣಲ್ಲಿ ಅಲ್ಲ" ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಹೆಂಗಸು, "ನಮ್ಮ ಆರತಿ ನೀರಿನ ಥರಾನೇ ಅಲ್ವೇನ್ರೀ!" ಎಂದು ಗಂಡನ ಕಡೆ ನೋಡಿದರು. ಚಿಕ್ಕಣ್ಣನವರು ತಲೆ ಕೆರೆದುಕೊಂಡರು.

"ಇದನ್ನ ಆ ಮೀಸೆಯವನಿಗೆ ಯಾರು ಹೇಳೋದು?"

"ನಾನೇ ಹೇಳ್ತೀನಿ."

ಹೇಳಿದೆ. ಮನೆಯ ಮುಂದೆ ಶಾಮಿಯಾನ, ಮುದ್ದೆ, ಮಟನ್ ಸಾರು, ಬೆವರು ಒರೆಸಿಕೊಳ್ಳುತ್ತಿದ್ದ ಜನ. ಅದೇ ಬಿಳಿ ಗಾಜಿನ ಲೋಟಗಳನ್ನು ತರಿಸಲು ಹೇಳಿದ್ದೆ. ಅಪ್ಪನೂ ಬಂದಿದ್ದ. ಒಗೆದು ಮಡಿಸಿದ್ದ ಶರಟು ಹಾಕಿಕೊಂಡು ಕ್ರೇಟಿನ ಪಕ್ಕ ನಿಂತಿದ್ದ. ಸೋಡಾ ನೋಡಿದ್ದೇ ಸೋದರಮಾವ, "ಓಹೋ, ಇಂಕ್ ಬಂತು!" ಎಂದು ನಕ್ಕ. ಊಟಕ್ಕೆ ಕೂತವರೆಲ್ಲ ತಿರುಗಿದರು. ನಾನು ಅವನ ಮುಂದೆ ಲೋಟ ಇಟ್ಟು ಕೈಮುಗಿದೆ. "ಮಾವ, ಅವತ್ತು ಬಾಟ್ಲಿಯಲ್ಲಿ ವಾಷಿಂಗ್ ಸೋಡಾ ಉಳ್ಕೊಂಡಿತ್ತು. ತಪ್ಪು ನಮ್ದು, ಈ ಮನೆಯವ್ರದ್ದಲ್ಲ. ಇವತ್ತು ನಿಮ್ಮೆದ್ರಿಗೇ ನೋಡಿ. ಎಲೆಯಡಿಕೆ ಹಾಕೋವಾಗ ಬೆರಳಿನ ಸುಣ್ಣ ಇದಕ್ಕೆ ಅದ್ದಿ. ಹಣ್ಣಲ್ಲದಿದ್ರೆ ಬಣ್ಣ ತಿರುಗಲ್ಲ."

ಅವನು ನಂಬಲಿಲ್ಲ. ನಂಬದವನಿಗೇ ಪರೀಕ್ಷೆ ಮಾಡುವ ಚಟ ಜಾಸ್ತಿ. ಸುಣ್ಣದ ಬೆರಳು ಅದ್ದಿದ, ಬೆರಳ ಸುತ್ತ ನೀಲಿ ಹೊಗೆಯಂತೆ ಎದ್ದಿತು. ನಾನು ನಿಂಬೆಹಣ್ಣು ಕೈಗಿತ್ತೆ. ಹಿಂಡಿದ. ಕೆಂಪಾಯಿತು. "ಅಯ್ಯಯ್ಯಪ್ಪ!" ಎಂದು ಮಗುವಿನ ಹಾಗೆ ಬಾಯಿ ತೆರೆದ. ಆಮೇಲೆ ಶಾಮಿಯಾನದಲ್ಲಿ ಎಲ್ಲರಿಗೂ ಒಂದು ಕುಡಿಯಲು, ಒಂದು ಆಡಲು ಬೇಕಾಯಿತು. ಅಜ್ಜಿಯರು ಸುಣ್ಣದ ಡಬ್ಬಿ ಹಿಡಿದು ಮುಂದೆ ಬಂದರು. ಮದುಮಗಳು ನೇರಳೆ ನಾಲಿಗೆ ಚಾಚಿ ಗಂಡನಿಗೆ ತೋರಿಸುತ್ತಿದ್ದಳು. ಮೀಸೆಯ ಮಾವ ಎರಡು ಬಾಟಲಿಯನ್ನು ಲೋಟದ ಹಂಗಿಲ್ಲದೆ ನೇರ ಗಂಟಲಿಗೆ ಇಳಿಸಿ, "ಮಂಡ್ಯಕ್ಕೂ ಕಳಿಸಮ್ಮ ಇದನ್ನ" ಅಂದ. ಚಿಕ್ಕಣ್ಣನವರು ದೂರದಿಂದ ನನ್ನ ಕಡೆ ನೋಡಿ ತಲೆ ತೂಗಿದರು. ಅಷ್ಟು ನನಗೆ ಸಾಕಾಗಿತ್ತು.

ಹಣ್ಣು ಮೇ ಮುಗಿಯುವ ಹೊತ್ತಿಗೆ ನಿಂತಿತು. ದೊಡ್ಡಮ್ಮನ ಮರಗಳಲ್ಲಿ ಬರೀ ಸೊಪ್ಪು ಉಳಿಯಿತು. ಆ ವರ್ಷ ಅವಳು ಬದುವಿನ ಮರಗಳಿಗೆ ಕೊಡಲಿ ಹಾಕಿಸಲಿಲ್ಲ. ಉಳಿದ ಪಾಕದಲ್ಲಿ ಸ್ವಲ್ಪವನ್ನು ಅಪ್ಪ ಒಂದು ಸಣ್ಣ ಸೀಸೆಗೆ ತುಂಬಿ ಮಿಷನ್ನಿನ ಮೇಲಿನ ಗೂಡಿನಲ್ಲಿ ಇಟ್ಟುಕೊಂಡ. ನಿಂಬೆ ಸೋಡಾ ಹಾಕುವ ದಿನವೂ ಮೂರನೇ ತೊಟ್ಟಿಗೆ ಅದರಿಂದ ಒಂದು ತೊಟ್ಟು. ಸಂಜೆ ಜಗಲಿಯ ಮೇಲೆ ಕೂತಾಗಲೂ ಮಿಷನ್ನಿನ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಷಾಢ ಹತ್ತಿರವಾಗುತ್ತಿದ್ದಂತೆ ರಸ್ತೆಯಲ್ಲಿ ಟೆಂಪೋ ಸದ್ದಾದರೂ ನಾನು ಎದ್ದು ನೋಡುತ್ತಿದ್ದೆ.

ಆಷಾಢದ ಗಾಳಿ ತಗಡನ್ನು ಬಡಿಯುತ್ತಿದ್ದ ಒಂದು ಬೆಳಿಗ್ಗೆ ರಂಗಸ್ವಾಮಿ ಟೆಂಪೋ ತಂದು ನಿಲ್ಲಿಸಿದ. ಟೆಂಪೋದಲ್ಲಿ ಅವನ ಘಟಕದಲ್ಲಿ ತೊಳೆದ ಖಾಲಿ ಬಾಟಲಿಗಳ ಕ್ರೇಟುಗಳಿದ್ದವು, ಮಿಷನ್ ಏರಿಸಲು ಜಾಗ ಬಿಟ್ಟುಕೊಂಡಿದ್ದ. ಬಾಟಲಿ ಜಾಲಿಸುವ ಕೆಲಸವನ್ನು ಅಪ್ಪ ಈಗ ನನಗೂ ಬಿಟ್ಟಿದ್ದ, ನಾನು ಶೆಡ್ಡಿನೊಳಗೆ ಮೊಣಕೈವರೆಗೆ ನೀರಿನಲ್ಲಿದ್ದೆ. ಕೈಯಲ್ಲಿದ್ದ ಬಾಟಲಿಯನ್ನೇ ಮತ್ತೆ ಮತ್ತೆ ಅದ್ದುತ್ತಾ ಕೂತೆ.

"ಏನ್ ತಿಮ್ಮಣ್ಣ, ಬಿಚ್ಚೋಣ್ವಾ?" ಎಂದು ರಂಗಸ್ವಾಮಿ ಕೇಳಿದ್ದು ಕೇಳಿಸಿತು.

ಅಪ್ಪ ಟೆಂಪೋ ಹತ್ತಿರ ಹೋಗಿ ಅವನ ಕ್ರೇಟಿನಿಂದ ಹೊಳೆಯುವ ಒಂದು ಖಾಲಿ ಬಾಟಲಿ ಎತ್ತಿ ಬಿಸಿಲಿಗೆ ಹಿಡಿದು ನೋಡಿದ. ನಲ್ಲಿಯ ಸ್ವಲ್ಪ ನೀರು ಹಿಡಿದು, ಕುಲುಕಿ, ಗಾಜಿನ ಲೋಟಕ್ಕೆ ಬಗ್ಗಿಸಿದ. ಗೂಡಿನಿಂದ ಸಣ್ಣ ಸೀಸೆ ತಂದು ಒಂದು ತೊಟ್ಟು ಬಿಟ್ಟ. ಲೋಟ ನೀಲಿಯಾಯಿತು.

"ಮೊದ್ಲು ಬಾಟ್ಲಿ ತೊಳ್ಯೋದು ಕಲ್ತ್ಕೋ ರಂಗಸ್ವಾಮಿ. ನಾನೂ ಈ ವರ್ಷಾನೇ ಕಲ್ತಿದ್ದು" ಅಂದ ಅಪ್ಪ. "ಮಿಷನ್ ಕೇಳೋದಾದ್ರೆ ನನ್ನ ಕೇಳ್ಬೇಡ. ಒಡತಿ ಒಳಗಿದ್ದಾಳೆ."

ರಂಗಸ್ವಾಮಿ ಶೆಡ್ಡಿನ ಬಾಗಿಲಿಗೆ ಬಂದು ಬಗ್ಗಿ ನೋಡಿದ. "ಏನಮ್ಮ, ಕೊಡ್ತೀಯಾ?"

ನಾನು ಒದ್ದೆ ಕೈಯನ್ನು ಗೋಣಿಚೀಲಕ್ಕೆ ಒರೆಸಿಕೊಂಡು ಹಿಡಿಕೆಯನ್ನು ಹಿಡಿದೆ.

"ಇಲ್ಲ ಅಣ್ಣ" ಅಂದೆ.

ಟೆಂಪೋ ತಿರುಗಿ ಹೋಗುವ ಸದ್ದು ಅಡಗುವ ಮುಂಚೆಯೇ ಅಪ್ಪ ಒಳಗೆ ಬಂದು ಮೂರನೇ ತೊಟ್ಟಿಯ ನೀರು ಬದಲಾಯಿಸತೊಡಗಿದ.